ಇಟಗಿಯ ಮಹಾದೇವ ಗುಡಿ: ಕ್ಯಾಮೆರಾ ಹಿಡಿಯುವ ಮುನ್ನ ಓದಬೇಕಾದ ಕಲ್ಲು

ಕೊಪ್ಪಳ ಜಿಲ್ಲೆಯ ಇಟಗಿ ಗ್ರಾಮದಲ್ಲಿರುವ ಮಹಾದೇವ ದೇವಾಲಯವು ತನ್ನ ಹುಟ್ಟಿದ ವರ್ಷವನ್ನೂ ಕಟ್ಟಿಸಿದವನ ಹೆಸರನ್ನೂ ತಾನೇ ಹೇಳುವ ಗುಡಿ. ಕ್ರಿ.ಶ. 1112ರಲ್ಲಿ ಕಲ್ಯಾಣ ಚಾಲುಕ್ಯರ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇದನ್ನು ಕಟ್ಟಿಸಿದನು. ಆ ಕಾಲದ ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಹಂಪಿ, ಬಾದಾಮಿ, ಪಟ್ಟದಕಲ್ಲುಗಳಿಗೆ ಹರಿದು ಹೋಗುವ ಪ್ರವಾಸಿಗರ ಪ್ರವಾಹ ಇತ್ತ ತಿರುಗುವುದು ಕಡಿಮೆ. ಆದರೆ ಕೈಯಲ್ಲಿ ಕ್ಯಾಮೆರಾ ಹಿಡಿದು ಉತ್ತರ ಕರ್ನಾಟಕವನ್ನು ಸುತ್ತುವ ಹವ್ಯಾಸಿಗಳ ಪಟ್ಟಿಯಲ್ಲಿ ಇಟಗಿಯ ಹೆಸರು ತಪ್ಪದೆ ಇರುತ್ತದೆ.

ಬಂದವರು ಸಾಮಾನ್ಯವಾಗಿ ತೆಗೆಯುವ ಚಿತ್ರಗಳು ಎರಡು. ಪೂರ್ವದ ಕಂಬಗಳ ಸಾಲು ಒಂದು, ಪಶ್ಚಿಮದ ಶಿಖರ ಇನ್ನೊಂದು. ಗುಡಿಯ ಇತಿಹಾಸ ಮಾತ್ರ ಈ ಎರಡರ ನಡುವೆ ಮತ್ತು ಸುತ್ತಲೂ ಹರಡಿಕೊಂಡಿದೆ. ಅಕ್ಷರ ತುಂಬಿದ ಶಾಸನದಲ್ಲಿ, ದೊಡ್ಡ ಗುಡಿಯ ನೆರಳಿನಲ್ಲಿರುವ ಚಿಕ್ಕ ಗುಡಿಗಳಲ್ಲಿ, ಪುಷ್ಕರಣಿಯ ಮೆಟ್ಟಿಲುಗಳಲ್ಲಿ ಅದು ಅಡಗಿದೆ. ಹಳ್ಳಿಯ ಹಳೆಯ ದೇಗುಲವೊಂದರ ಛಾಯಾಚಿತ್ರ ಅಂದದ ನೆನಪಾಗಿ ಉಳಿಯುವುದೋ, ಮುಂದಿನವರಿಗೆ ದಾಖಲೆಯಾಗಿ ಒದಗುವುದೋ ಎಂಬುದು ಈ ಉಳಿದ ಭಾಗಗಳತ್ತ ಕ್ಯಾಮೆರಾ ತಿರುಗಿತೇ ಎಂಬುದನ್ನು ಅವಲಂಬಿಸಿದೆ.

ನಾಡಿನ ಪರಿಚಯ

ರಾಯಚೂರು ಜಿಲ್ಲೆಯ ಭಾಗವಾಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು 1990ರ ದಶಕದ ಕೊನೆಯಲ್ಲಿ ಸೇರಿ ಕೊಪ್ಪಳ ಜಿಲ್ಲೆಯಾದವು. ಇಟಗಿ ದೀರ್ಘ ಕಾಲ ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಹೊಸ ತಾಲ್ಲೂಕುಗಳ ರಚನೆಯ ನಂತರ ಅದು ಕುಕನೂರು ತಾಲ್ಲೂಕಿಗೆ ಸೇರಿದೆ. ಹಳೆಯ ಪುಸ್ತಕಗಳಲ್ಲಿ ಈ ಗುಡಿಯನ್ನು ಹುಡುಕುವವರು ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ ಎಂಬ ವಿಳಾಸದಲ್ಲಿಯೇ ಹುಡುಕಬೇಕಾಗುತ್ತದೆ. ಊರಿನ ಹೆಸರು ಆಂಗ್ಲ ಗ್ರಂಥಗಳಲ್ಲಿ ‘ಇತ್ತಗಿ’ ಎಂಬ ರೂಪದಲ್ಲಿಯೂ ಕಾಣುತ್ತದೆ.

ಈ ನೆಲಕ್ಕೆ ಇತಿಹಾಸದ ಪದರಗಳು ಅನೇಕ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳ ದೊಡ್ಡ ಸಮೂಹವಿದೆ. ಕೊಪ್ಪಳ ಪಟ್ಟಣದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳಿವೆ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ಇರುವ ಪ್ರದೇಶವನ್ನು ಗುರುತಿಸುವಾಗ ಹೆಸರಿಸುವ ಕೊಪಣವನ್ನು ವಿದ್ವಾಂಸರು ಇಂದಿನ ಕೊಪ್ಪಳವೆಂದೇ ಗುರುತಿಸಿದ್ದಾರೆ. ಎರಂಬರಗೆ ಎಂದು ಶಾಸನಗಳು ಕರೆಯುವ ಯಲಬುರ್ಗಾ ಸಿಂದ ಮನೆತನದ ರಾಜಧಾನಿಯಾಗಿತ್ತು. ಇಟಗಿಯಿಂದ ಸುಮಾರು 7 ಕಿ.ಮೀ. ದೂರದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ, 9ನೆಯ ಶತಮಾನದ ನವಲಿಂಗ ದೇವಾಲಯಗಳ ಗುಂಪು ಮತ್ತು ಅನಂತರದ ಕಲ್ಲೇಶ್ವರ ದೇವಾಲಯಗಳಿವೆ. ಕುಕನೂರಿನಿಂದ ಇಟಗಿಗೆ ಬಂದವನು ಅಷ್ಟು ಸಣ್ಣ ದೂರದಲ್ಲಿ ಕನ್ನಡ ನಾಡಿನ ವಾಸ್ತುಶಿಲ್ಪದ ಎರಡು ಶತಮಾನಗಳನ್ನು ದಾಟಿ ಬಂದಿರುತ್ತಾನೆ.

ಶಾಸನ ಹೇಳುವ ಕಥೆ

ಹಳ್ಳಿಯ ಹಳೆಯ ಗುಡಿಗಳ ಕಾಲವನ್ನು ಸಾಮಾನ್ಯವಾಗಿ ಶಿಲ್ಪದ ಶೈಲಿ ನೋಡಿ ಅಂದಾಜಿಸಲಾಗುತ್ತದೆ. ಇಟಗಿಯಲ್ಲಿ ಆ ಕಷ್ಟವಿಲ್ಲ. ಇಲ್ಲಿನ ಶಾಸನ ಚಾಲುಕ್ಯ ವಿಕ್ರಮ ವರ್ಷ 37ಕ್ಕೆ ಸೇರಿದ್ದು. ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದಾಗ ಶಕವರ್ಷದ ಬದಲಿಗೆ ತನ್ನದೇ ಹೆಸರಿನ ಹೊಸ ಕಾಲಗಣನೆಯನ್ನು ಆರಂಭಿಸಿದನು. 1076ನ್ನು ಮೊದಲ ವರ್ಷವೆಂದು ಎಣಿಸಿದರೆ 37ನೆಯ ವರ್ಷ ಕ್ರಿ.ಶ. 1112 ಆಗುತ್ತದೆ. ಉತ್ತರ ಕರ್ನಾಟಕದ ಅನೇಕ ಶಾಸನಗಳಲ್ಲಿ ಈ ವಿಕ್ರಮ ವರ್ಷವೇ ಬಳಕೆಯಾಗಿರುವುದರಿಂದ ಈ ಲೆಕ್ಕವನ್ನು ತಿಳಿದಿರುವುದು ಹಳೆಯ ಗುಡಿಗಳ ಬೆನ್ನು ಹತ್ತುವವರಿಗೆ ಬಹಳ ಉಪಯುಕ್ತ.

ವಿಕ್ರಮಾದಿತ್ಯನ ಆಳ್ವಿಕೆ 1076ರಿಂದ 1126ರವರೆಗೆ, ಐವತ್ತು ವರ್ಷ ನಡೆಯಿತು. ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಅವನ ರಾಜಧಾನಿ. ‘ವಿಕ್ರಮಾಂಕದೇವಚರಿತ’ ಬರೆದ ಕಾಶ್ಮೀರದ ಕವಿ ಬಿಲ್ಹಣನೂ ‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರನೂ ಅವನ ಆಶ್ರಯದಲ್ಲಿದ್ದವರು. ಆದರೆ ಇಟಗಿಯ ಗುಡಿಯನ್ನು ಕಟ್ಟಿಸಿದವನು ಚಕ್ರವರ್ತಿಯಲ್ಲ, ಅವನ ಸೇನಾನಿ. ಅರಮನೆಯಿಂದ ದೂರದ ಊರೊಂದರಲ್ಲಿ ಅಧಿಕಾರಿಯೊಬ್ಬನು ಇಷ್ಟು ದೊಡ್ಡ ಗುಡಿಯನ್ನು ಎಬ್ಬಿಸಲು ಶಕ್ತನಾಗಿದ್ದನೆಂಬುದು ಆ ಕಾಲದ ಸಂಪತ್ತು ಮತ್ತು ಅಧಿಕಾರ ಹೇಗೆ ಹಂಚಿಹೋಗಿತ್ತೆಂಬುದರ ಸೂಚನೆ.

ಲಂಡನ್ನಿನ ವಿದ್ವಾಂಸ ಎಲ್. ಡಿ. ಬಾರ್ನೆಟ್ ಈ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 13ನೆಯ ಸಂಪುಟದಲ್ಲಿ ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳ ಮಾಲಿಕೆಯಲ್ಲಿ ಕೊಪ್ಪಳ ಜಿಲ್ಲೆಗೆ ಮೀಸಲಾದ ಸಂಪುಟವೂ ಇದೆ. ಛಾಯಾಗ್ರಾಹಕನು ಇಟಗಿಗೆ ಹೊರಡುವ ಮುನ್ನ ಇಂತಹ ಸಂಪುಟವನ್ನು ಒಮ್ಮೆ ತಿರುವಿ ಹಾಕಿದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದರ ಅರ್ಧ ಉತ್ತರ ಮನೆಯಲ್ಲಿಯೇ ಸಿಗುತ್ತದೆ.

ತಂದೆಗೊಂದು ಗುಡಿ, ತಾಯಿಗೊಂದು ಗುಡಿ

ದೇವರ ಹೆಸರು ಮಹಾದೇವ, ಕಟ್ಟಿಸಿದ ದಂಡನಾಯಕನ ಹೆಸರೂ ಮಹಾದೇವ. ಕಟ್ಟಿಸಿದವರ ಹೆಸರನ್ನೇ ದೇವರಿಗೆ ಇಡುವ ರೂಢಿ ಆ ಕಾಲದಲ್ಲಿ ವ್ಯಾಪಕವಾಗಿತ್ತು. ಇಟಗಿಯಲ್ಲಿ ಈ ರೂಢಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇದೇ ಆವರಣದಲ್ಲಿ ಮೂರ್ತಿನಾರಾಯಣ ಮತ್ತು ಚಂದ್ರಲೇಶ್ವರಿ ಎಂಬ ಇನ್ನೆರಡು ಗುಡಿಗಳಿವೆ. ಮೊದಲನೆಯದು ದಂಡನಾಯಕನ ತಂದೆಯ ಹೆಸರಿನದು, ಎರಡನೆಯದು ತಾಯಿಯ ಹೆಸರಿನದು. ಇವುಗಳಲ್ಲದೆ ಮುಖ್ಯ ದೇವಾಲಯದ ಸುತ್ತ ತಲಾ ಒಂದು ಲಿಂಗವುಳ್ಳ 13 ಚಿಕ್ಕ ಗುಡಿಗಳನ್ನು ಕಟ್ಟಲಾಗಿತ್ತು.

ಹೀಗೆ ನೋಡಿದಾಗ ಇಟಗಿಯ ಆವರಣದ ಅರ್ಥವೇ ಬದಲಾಗುತ್ತದೆ. ಇದು ಒಂಟಿ ಗುಡಿಯಲ್ಲ, ಒಂದು ಮನೆತನದ ಸ್ಮಾರಕ. ನಡುವೆ ಮಗ ಪ್ರತಿಷ್ಠಾಪಿಸಿದ ದೇವರು, ಪಕ್ಕದಲ್ಲಿ ಹೆತ್ತವರ ಹೆಸರಿನ ಗುಡಿಗಳು, ಸುತ್ತ ಪರಿವಾರದಂತೆ ನಿಂತ ಲಿಂಗಗಳು, ಎದುರಿಗೆ ಮೆಟ್ಟಿಲುಗಳ ಪುಷ್ಕರಣಿ. ಶಿಖರದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಈ ಸಂಬಂಧವನ್ನು ಹೇಳಲಾರದು. ಅದನ್ನು ಹೇಳಲು ಗುಡಿಗಳು ಒಂದಕ್ಕೊಂದು ಎಷ್ಟು ದೂರದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿವೆ ಎಂಬುದನ್ನು ತೋರಿಸುವ ವಿಶಾಲ ಚಿತ್ರ ಬೇಕು.

ಬಳಪದ ಕಲ್ಲಿನ ಕ್ರಾಂತಿ

ಬಾದಾಮಿ ಚಾಲುಕ್ಯರು ಕಟ್ಟಿದ್ದು ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳಿಂದ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಬದಲಾಯಿಸಿದರು. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು ಮತ್ತು ಹಾನಗಲ್ಲು ಸುತ್ತಮುತ್ತ ಈ ಕಲ್ಲು ಹೇರಳವಾಗಿ ದೊರೆಯುತ್ತದೆ. ಗಣಿಯಿಂದ ತೆಗೆದಾಗ ಮೃದುವಾಗಿರುವ ಇದಕ್ಕೆ ಉಳಿ ಸುಲಭವಾಗಿ ಇಳಿಯುತ್ತದೆ. ಹೀಗಾಗಿ ಕಟ್ಟಡದ ಕಲ್ಲುಗಳ ಗಾತ್ರ ಕಿರಿದಾಯಿತು, ಕೆತ್ತನೆಯ ಸೂಕ್ಷ್ಮತೆ ಹಿರಿದಾಯಿತು. ಕಂಬಗಳನ್ನು ತಿರುಗಣಿಯಲ್ಲಿ ಕಡೆದು ಕನ್ನಡಿಯಂತೆ ನುಣುಪಾಗಿಸುವುದು ಸಾಧ್ಯವಾಯಿತು.

ಈ ಹೊಸ ಕಲ್ಲಿನಲ್ಲಿ ಕಟ್ಟಿದ ಮೊದಲ ದೊಡ್ಡ ದೇವಾಲಯವೆಂದು ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ಗುರುತಿಸುತ್ತಾರೆ. ಅದರ ಕಾಲ 1050. ಅಲ್ಲಿ ಮೊಳೆತ ಮಾದರಿ ಅರವತ್ತೆರಡು ವರ್ಷಗಳ ನಂತರ ಇಟಗಿಯಲ್ಲಿ ಪೂರ್ಣವಾಗಿ ಅರಳಿತು. ಬೇಲೂರಿನ ಚೆನ್ನಕೇಶವ ಪ್ರತಿಷ್ಠಾಪನೆಯಾದದ್ದು 1117ರಲ್ಲಿ, ಇಟಗಿಯ ಐದು ವರ್ಷಗಳ ಬಳಿಕ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಅದಕ್ಕೂ ಈಚಿನದು. ಹೊಯ್ಸಳ ಶಿಲ್ಪದ ಸೊಬಗನ್ನು ಕಂಡು ಬೆರಗಾಗುವವರು ಅದರ ಹಿರಿಯ ಅಕ್ಕನನ್ನು ನೋಡಬೇಕಾದರೆ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಬರಬೇಕು. ಈ ಪರಂಪರೆಯನ್ನು ವಾಸ್ತುವಿದ್ವಾಂಸ ಆಡಮ್ ಹಾರ್ಡಿ ‘ಕರ್ಣಾಟ ದ್ರಾವಿಡ’ ಎಂದು ಕರೆದು 1995ರಲ್ಲಿ ಅದರ ಮೇಲೆ ವಿಸ್ತಾರವಾದ ಗ್ರಂಥವನ್ನೇ ಪ್ರಕಟಿಸಿದ್ದಾರೆ.

ಗುಡಿಯ ವಿನ್ಯಾಸ

ದೇವಾಲಯ ಪೂರ್ವಾಭಿಮುಖವಾಗಿದೆ. ಪಶ್ಚಿಮದ ತುದಿಯಲ್ಲಿ ಗರ್ಭಗುಡಿ, ಅದರ ಮುಂದೆ ಅಂತರಾಳ, ಬಳಿಕ ಗೋಡೆಗಳಿರುವ ಮುಚ್ಚು ಮಂಟಪ, ಕಡೆಗೆ ಪೂರ್ವದಲ್ಲಿ ವಿಶಾಲವಾದ ತೆರೆದ ಮಂಟಪ. ತೆರೆದ ಮಂಟಪದಲ್ಲಿ ಮೂಲತಃ 68 ಕಂಬಗಳಿದ್ದವು. ಇವುಗಳಲ್ಲಿ 26 ದೊಡ್ಡ ಕಂಬಗಳು ನೆಲದ ಮೇಲೆ ನಿಂತು ಮಾಳಿಗೆಯ ಭಾರವನ್ನು ಹೊರುತ್ತವೆ. ಉಳಿದ ಸಣ್ಣ ಕಂಬಗಳು ಸುತ್ತಲಿನ ಕಲ್ಲಿನ ಕಕ್ಷಾಸನದ ಮೇಲೆ ಕುಳಿತು ಇಳಿಜಾರಾದ ಸೂರನ್ನು ಎತ್ತಿ ಹಿಡಿಯುತ್ತವೆ. ಮಂಟಪದೊಳಗೆ ನಿಂತು ಮೇಲೆ ನೋಡಿದರೆ ನಡುಛಾವಣಿಯಲ್ಲಿ ಕೀರ್ತಿಮುಖದ ಬಾಯಿಂದ ಹೊರಟ ಬಳ್ಳಿಗಳೂ ಮಕರಗಳೂ ಹೆಣೆದುಕೊಂಡ ಕೆತ್ತನೆ ಕಾಣುತ್ತದೆ. ಶಿಖರವು ದ್ರಾವಿಡ ರೀತಿಯ ಅಂತಸ್ತುಗಳಿಂದ ಕೂಡಿದ್ದರೂ ಗೋಡೆಯ ನಡುಭಾಗದ ಚಾಚು ಬುಡದಿಂದ ಮೇಲಕ್ಕೆ ಒಂದೇ ಪಟ್ಟಿಯಾಗಿ ಏರಿರುವುದರಲ್ಲಿ ನಾಗರ ಶೈಲಿಯ ಪ್ರಭಾವವನ್ನು ಗುರುತಿಸಬಹುದು.

‘ಮೂಲತಃ 68’ ಎಂದು ಇಂದು ಹೇಳಲು ಸಾಧ್ಯವಾಗಿರುವುದು ಹಿಂದೆ ಯಾರೋ ಅಲ್ಲಿ ನಿಂತು ಎಣಿಸಿ ಬರೆದಿಟ್ಟಿದ್ದರಿಂದ. ಚಿತ್ರ ತೆಗೆಯುವುದೂ ಒಂದು ಬಗೆಯ ಎಣಿಕೆಯೇ.

ಹಳೆಯ ಕ್ಯಾಮೆರಾಗಳು ಬಿಟ್ಟುಹೋದ ಪಾಠ

ಕನ್ನಡ ನಾಡಿನ ಪುರಾತನ ಕಟ್ಟಡಗಳತ್ತ ಕ್ಯಾಮೆರಾ ತಿರುಗಿದ್ದು 1850ರ ದಶಕದಲ್ಲಿ. ಮುಂಬಯಿ ಸರಕಾರವು 1855ರಲ್ಲಿ ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು ವಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಕಡೆಗಳ ಚಿತ್ರ ತೆಗೆಯಲು ನೇಮಿಸಿತು. ಬಿಗ್ಸ್, ವೈದ್ಯ ವಿಲಿಯಂ ಪಿಗೋ ಮತ್ತು ಎ. ಸಿ. ಬಿ. ನೀಲ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ ಕುರಿತ ದೊಡ್ಡ ಸಂಪುಟವಾಗಿ ಹೊರಬಂದವು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವರು ಸುರಪುರದಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ ಅವರದು.

ಮರುಚಿತ್ರಣದ ಬೆಲೆ ಏನೆಂಬುದನ್ನು ತೋರಿಸಿದ ಉದಾಹರಣೆ ಪಕ್ಕದ ಹಂಪಿಯದು. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಅವಶೇಷಗಳನ್ನು ಸೆರೆಹಿಡಿದಿದ್ದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ, ಅದೇ ನೋಟಗಳನ್ನು ಮತ್ತೆ ತೆಗೆದರು. ಜೋಡಿ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ 127 ವರ್ಷಗಳಲ್ಲಿ ಯಾವ ಗೋಪುರ ಕುಸಿಯಿತು, ಯಾವ ಮಂಟಪ ದುರಸ್ತಿ ಕಂಡಿತು ಎಂಬುದು ಯಾರ ವಿವರಣೆಯೂ ಇಲ್ಲದೆ ಕಣ್ಣಿಗೆ ಕಾಣಿಸಿತು.

ಇಟಗಿಯನ್ನು ಹೊರಜಗತ್ತಿಗೆ ವಿವರವಾಗಿ ಪರಿಚಯಿಸಿದವರಲ್ಲಿ ಹೆನ್ರಿ ಕಸಿನ್ಸ್ ಪ್ರಮುಖರು. ಭಾರತೀಯ ಪುರಾತತ್ವ ಇಲಾಖೆಯ ಪಶ್ಚಿಮ ವಲಯದ ಮುಖ್ಯಸ್ಥರಾಗಿದ್ದ ಅವರ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ 1926ರಲ್ಲಿ ಪ್ರಕಟವಾಯಿತು. ಹಳೇಬೀಡನ್ನು ಬಿಟ್ಟರೆ ಕನ್ನಡ ಜಿಲ್ಲೆಗಳಲ್ಲಿ ಇಟಗಿಯದೇ ಅತ್ಯುತ್ತಮ ದೇವಾಲಯ ಎಂಬುದು ಅವರ ನಿರ್ಣಯ. ತೆರೆದ ಮಂಟಪದ ಕಂಬಗಳ ಮೇಲಿನ ಲೆಕ್ಕ ಬಂದಿರುವುದೂ ಈ ಗ್ರಂಥದಿಂದಲೇ.

ಅಂದು ಇಟಗಿ ಇದ್ದದ್ದು ಮುಂಬಯಿ ಪ್ರಾಂತದಲ್ಲಲ್ಲ, ಹೈದರಾಬಾದ್ ನಿಜಾಮರ ಸೀಮೆಯಲ್ಲಿ. ಯಲಬುರ್ಗಾ ಪ್ರದೇಶ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೈದರಾಬಾದಿನಲ್ಲಿ 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪ್ರತ್ಯೇಕ ಪುರಾತತ್ವ ಇಲಾಖೆ ಆರಂಭವಾಯಿತು. 1948ರಲ್ಲಿ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು. 1956ರಲ್ಲಿ ಈ ಕನ್ನಡ ಪ್ರದೇಶ ಮೈಸೂರು ರಾಜ್ಯಕ್ಕೆ ಬಂದಿತು. ಆಡಳಿತದ ಗಡಿಗಳು ಹೀಗೆ ಬದಲಾದಂತೆ ದಾಖಲೆಗಳೂ ಹಂಚಿಹೋದವು. ಕೊಪ್ಪಳ ಸೀಮೆಯ ಹಳೆಯ ಚಿತ್ರ ಮತ್ತು ವರದಿಗಳನ್ನು ಹುಡುಕುವವರು ಧಾರವಾಡದ ಕಡೆಗೂ ಹೈದರಾಬಾದಿನ ಕಡೆಗೂ ಲಂಡನ್ನಿನ ಕಡೆಗೂ ಕಣ್ಣು ಹಾಯಿಸಬೇಕು.

ಬೆಳಕಿನ ಪಂಚಾಂಗ

ಪೂರ್ವಕ್ಕೆ ಮುಖ ಮಾಡಿದ ಗುಡಿಯ ಚಿತ್ರಕ್ಕೆ ಮುಂಜಾವು ಸರಿಯಾದ ಸಮಯವೆಂಬ ಮಾತು ಅರ್ಧ ಸತ್ಯ. ತೆರೆದ ಮಂಟಪಕ್ಕೆ ಅದು ಸರಿ. ಕಂಬಗಳ ನಡುವೆ ಓರೆಯಾಗಿ ನುಗ್ಗುವ ಬಿಸಿಲಿನಲ್ಲಿ ತಿರುಗಣಿಯ ಗೆರೆಗಳು ಸ್ಪಷ್ಟವಾಗುತ್ತವೆ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದರಿಂದ ಪೂರ್ವಾಭಿಮುಖ ಗುಡಿಗಳ ಒಳಭಾಗಕ್ಕೆ ಬೆಳಕು ಅತಿ ಆಳವಾಗಿ ಇಳಿಯುವುದು ಆ ದಿನಗಳಲ್ಲಿ. ಗರ್ಭಗುಡಿಯ ಹಿಂಗೋಡೆಗೆ ಮಾತ್ರ ಸಂಜೆಯ ಬಿಸಿಲೇ ಬೇಕು.

ದಕ್ಷಿಣ ಮತ್ತು ಉತ್ತರದ ಗೋಡೆಗಳಿಗೆ ದಿನದ ಹೊತ್ತಿಗಿಂತ ವರ್ಷದ ತಿಂಗಳು ಮುಖ್ಯ. ಇಟಗಿ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ಬಿಸಿಲು ಬೀಳುತ್ತದೆ, ಉತ್ತರದ ಗೋಡೆ ಇಡೀ ದಿನ ನೆರಳಿನಲ್ಲಿರುತ್ತದೆ. ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಾತ್ರ ನಡುಹಗಲಿನ ಸೂರ್ಯ ತಲೆಯ ಮೇಲಿಂದ ಉತ್ತರಕ್ಕೆ ಸರಿಯುತ್ತಾನೆ. ಉತ್ತರದ ಗೋಡೆಯ ಶಿಲ್ಪದ ಮೇಲೆ ದಿನವಿಡೀ ನೇರ ಬಿಸಿಲು ಬೀಳುವ ಕಾಲ ಅದೊಂದೇ. ಚಳಿಗಾಲದಲ್ಲಿ ಒಮ್ಮೆ ಬಂದುಹೋದವರ ಸಂಗ್ರಹದಲ್ಲಿ ಉತ್ತರದ ಗೋಡೆ ಮಸುಕಾಗಿರುವುದಕ್ಕೆ ಕಾರಣ ಕ್ಯಾಮೆರಾ ಅಲ್ಲ, ತಿಂಗಳು.

ಗೋಡೆಗೆ ಎದುರಾಗಿ ಬಿದ್ದ ಬಿಸಿಲಿನಲ್ಲಿ ಕೆತ್ತನೆಯ ಆಳ ಕಾಣುವುದಿಲ್ಲ. ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬೆಳಕೇ ಉಬ್ಬುತಗ್ಗುಗಳನ್ನು ಬಿಡಿಸಿ ತೋರಿಸುತ್ತದೆ. ಮುಂಗಾರಿನ ಮೋಡದ ದಿನಗಳ ಸಮನಾದ ಬೆಳಕು ಇನ್ನೊಂದು ಕೆಲಸಕ್ಕೆ ಒದಗುತ್ತದೆ. ಗೂಡು, ಅರೆಗಂಬ, ಮೂರ್ತಿಗಳ ಪೂರ್ತಿ ವಿವರ ನೆರಳಿನ ತೊಡಕಿಲ್ಲದೆ ಆಗ ಸಿಗುತ್ತದೆ. ಅಂದವೇ ಗುರಿಯಾದರೆ ಓರೆ ಬಿಸಿಲು, ದಾಖಲೆ ಗುರಿಯಾದರೆ ಮೋಡದ ಬೆಳಕು. ಎರಡೂ ಇದ್ದರೆ ಸಂಗ್ರಹ ಪೂರ್ಣ.

ಕಪ್ಪು ಕಲ್ಲು, ಬಿಳಿ ಆಕಾಶ

ಹಸಿರು ಛಾಯೆಯ ಬೂದುಬಣ್ಣದ ಬಳಪದ ಕಲ್ಲು ಬೆಳಕನ್ನು ಹೀರುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕ ಎದುರಿನ ದೃಶ್ಯವನ್ನು ನಡುಬೂದು ಬಣ್ಣವೆಂದೇ ಭಾವಿಸುತ್ತದೆ. ಚೌಕಟ್ಟಿನ ತುಂಬ ಕಲ್ಲೇ ಇದ್ದರೆ ಅದು ಬೆಳಕನ್ನು ಹೆಚ್ಚಿಸಿ, ಕಪ್ಪು ಕಲ್ಲನ್ನು ಸುಣ್ಣ ಬಳಿದಂತೆ ಬಿಳಿಚಿಸಿಬಿಡುತ್ತದೆ. ಚೌಕಟ್ಟಿನಲ್ಲಿ ಆಕಾಶ ಹೆಚ್ಚಾಗಿದ್ದರೆ ಇದರ ತಿರುಗುಮುರುಗು. ಕಲ್ಲು ಮಸಿಯ ಮುದ್ದೆಯಾಗುತ್ತದೆ. ಮೊದಲನೆಯದಕ್ಕೆ ಬೆಳಕನ್ನು ತುಸು ಇಳಿಸುವುದು, ಎರಡನೆಯದಕ್ಕೆ ತುಸು ಏರಿಸುವುದು ಪರಿಹಾರ. ಮೊಬೈಲ್ ಫೋನಿನಲ್ಲಿಯೂ ಪರದೆಯ ಮೇಲೆ ಕಲ್ಲಿನ ಭಾಗವನ್ನು ಮುಟ್ಟಿ ಇದನ್ನು ಸರಿಪಡಿಸಿಕೊಳ್ಳಬಹುದು.

ಶಿಖರವನ್ನು ಹತ್ತಿರದಿಂದ ಕ್ಯಾಮೆರಾ ಮೇಲಕ್ಕೆತ್ತಿ ತೆಗೆದರೆ ಅದು ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ದೂರ ಸರಿದು ಕ್ಯಾಮೆರಾವನ್ನು ನೆಲಕ್ಕೆ ಸಮವಾಗಿ ಹಿಡಿದರೆ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ದಾಖಲೆಯ ಚಿತ್ರದಲ್ಲಿ ಅಳತೆಯ ಪಟ್ಟಿಯೊಂದು ಇರುವುದು ಒಳ್ಳೆಯದು. ಇಲ್ಲವಾದರೆ ಕಂಬದ ಎತ್ತರ ಮೊಣಕಾಲಿನಷ್ಟೋ ಆಳೆತ್ತರವೋ ಎಂದು ನೋಡುವವನಿಗೆ ತಿಳಿಯದು.

ಅಕ್ಷರಗಳ ಚಿತ್ರ

ಶಾಸನವನ್ನು ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಅಕ್ಷರ ಮಾಯವಾಗುತ್ತದೆ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬರಬೇಕು. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿಂದ ಒಮ್ಮೆ ಬೆಳಕು ಬೀಳುವಂತೆ ಮೂರು ಚಿತ್ರ ತೆಗೆದರೆ ಒಂದರಲ್ಲಿ ಅಳಿದಂತೆ ಕಂಡ ಅಕ್ಷರ ಇನ್ನೊಂದರಲ್ಲಿ ಎದ್ದು ಬರುತ್ತದೆ. ಮೊದಲು ಇಡೀ ಶಿಲೆ, ಬಳಿಕ ಮೇಲಿಂದ ಕೆಳಕ್ಕೆ ಒಂದರ ಅಂಚು ಇನ್ನೊಂದಕ್ಕೆ ಹೊಂದುವಂತೆ ಬಿಡಿಚಿತ್ರಗಳು, ಇದು ಸರಿಯಾದ ಕ್ರಮ.

ಅಕ್ಷರ ಕಾಣಲೆಂದು ಸುಣ್ಣದ ಕಡ್ಡಿ, ಹಿಟ್ಟು, ಎಣ್ಣೆ ಅಥವಾ ಬಣ್ಣ ಬಳಿಯುವುದು ಶಾಸನಕ್ಕೆ ಮಾಡುವ ಅಪಚಾರ. ಮೃದುವಾದ ಬಳಪದ ಕಲ್ಲಿನಲ್ಲಿ ಎಣ್ಣೆ ಇಳಿದು ದೂಳು ಹಿಡಿಯುತ್ತದೆ. ಒರೆಸಿದಷ್ಟೂ ಅಕ್ಷರದ ಅಂಚು ಸವೆಯುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆಯುವ ಪದ್ಧತಿ ತರಬೇತಿ ಪಡೆದ ಶಾಸನ ತಜ್ಞರಿಗೇ ಬಿಟ್ಟದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳ ಸ್ಕ್ಯಾನಿಂಗ್ ಮೂಲಕ ದಾಖಲಿಸಿ, ಕಲ್ಲನ್ನು ಮುಟ್ಟದೆಯೇ ಸವೆದ ಅಕ್ಷರಗಳನ್ನು ಓದಬಹುದೆಂದು ತೋರಿಸಿಕೊಟ್ಟಿದೆ.

ಚಿತ್ರಕ್ಕೆ ಸಿಗದ ಗುಡಿಗಳು

ಅಂತರಜಾಲದಲ್ಲಿ ಇಟಗಿ ಎಂದು ಹುಡುಕಿದರೆ ತೆರೆದ ಮಂಟಪ ಮತ್ತು ಶಿಖರದ ಚಿತ್ರಗಳೇ ಮೊದಲು ಎದುರಾಗುತ್ತವೆ. ತಾಯಿ ತಂದೆಯರ ಹೆಸರಿನ ಗುಡಿಗಳನ್ನು ಗುರುತಿಸಿ ಹೆಸರು ಹಾಕಿದ ಚಿತ್ರಗಳು ವಿರಳ. ಹದಿಮೂರು ಚಿಕ್ಕ ಗುಡಿಗಳನ್ನು ಒಂದೊಂದಾಗಿ ತೋರಿಸುವವು ಇನ್ನೂ ವಿರಳ. ಅಪಾಯವಿರುವುದು ಇಲ್ಲಿಯೇ. ದೊಡ್ಡ ಗುಡಿಯಿಂದ ಒಂದು ಕಲ್ಲು ಜಾರಿದರೆ ಅದು ಎಲ್ಲಿತ್ತೆಂದು ಹೇಳಲು ಸಾವಿರ ಚಿತ್ರಗಳಿವೆ. ಚಿಕ್ಕ ಗುಡಿಯ ಕಲ್ಲು ಜಾರಿದರೆ ಅದರ ಜಾಗವನ್ನು ಹೇಳುವವರಿಲ್ಲ. ಬಿದ್ದ ಕಲ್ಲುಗಳನ್ನು ಮೂಲ ಸ್ಥಾನದಲ್ಲಿ ಮರುಜೋಡಿಸುವ ಕೆಲಸಕ್ಕೆ ಹಳೆಯ ಚಿತ್ರವೇ ಆಧಾರ. ಎಲ್ಲರ ಕ್ಯಾಮೆರಾ ಎತ್ತ ತಿರುಗುತ್ತದೆಯೋ ಅದೇ ಭಾಗ ಉಳಿಯುವ ಸಂಭವ ಹೆಚ್ಚು.

ಆದ್ದರಿಂದ ಒಂದು ಸರಳ ಕ್ರಮವನ್ನು ಅನುಸರಿಸುವುದು ಲೇಸು. ಮೊದಲು ಆವರಣದ ನಾಲ್ಕು ಮೂಲೆಗಳಿಂದ ವಿಶಾಲ ಚಿತ್ರಗಳು. ಅನಂತರ ಪ್ರದಕ್ಷಿಣೆಯ ದಿಕ್ಕಿನಲ್ಲಿಯೇ ನಡೆಯುತ್ತ ಪ್ರತಿಯೊಂದು ಗುಡಿಯ ನಾಲ್ಕು ಮುಖಗಳು. ಬಳಿಕ ಬಾಗಿಲುವಾಡ, ಕಂಬ, ಛಾವಣಿ. ಕೊನೆಗೆ ಬಿಡಿ ಶಿಲ್ಪ ಮತ್ತು ಶಾಸನ. ಪುಷ್ಕರಣಿಗೂ ಇದೇ ಕ್ರಮ. ಗುಡಿಗಳಿಗೆ ಸಂಖ್ಯೆ ಕೊಟ್ಟು ಕೈಯಿಂದ ಬರೆದ ಒಂದು ನಕ್ಷೆ, ತೆಗೆದ ದಿನಾಂಕ, ನಿಂತ ಸ್ಥಳ, ನೋಡಿದ ದಿಕ್ಕು ಇವಿಷ್ಟನ್ನು ಬರೆದಿಟ್ಟರೆ ಗೋಲಿಂಗ್ಸ್ ಹಂಪಿಯಲ್ಲಿ ಮಾಡಿದ್ದನ್ನು ಐವತ್ತು ವರ್ಷಗಳ ನಂತರ ಇನ್ನೊಬ್ಬರು ಇಟಗಿಯಲ್ಲಿ ಮಾಡಬಹುದು. ದಿನಾಂಕವಿಲ್ಲದ ಚಿತ್ರ ಎಷ್ಟು ಸುಂದರವಾದರೂ ಇತಿಹಾಸಕ್ಕೆ ಅರ್ಧವೇ ಉಪಯೋಗಿ.

ಶಾಸನವಿಲ್ಲದ ಕಡೆ

ಎಲ್ಲ ಊರುಗಳಿಗೂ ಇಟಗಿಯ ಅದೃಷ್ಟವಿರುವುದಿಲ್ಲ. ಕಟ್ಟಿದವನ ಹೆಸರು ಹೇಳುವ ಶಿಲೆ ಇಲ್ಲದಾಗ ಬೇರೆ ಸಾಕ್ಷಿಗಳನ್ನು ಹುಡುಕಬೇಕು. ಕುಷ್ಟಗಿಯಿಂದ ಈಶಾನ್ಯಕ್ಕೆ ಹೋದರೆ ರಾಯಚೂರು ಜಿಲ್ಲೆಯ ಮುದಗಲ್ಲು ಸಿಗುತ್ತದೆ. ಕೋಟೆಗೆ ಹೆಸರಾದ ಈ ಊರಿನಲ್ಲಿ ಆದಿಲ್‌ಶಾಹಿ ಕಾಲದಿಂದ ಬೆಳೆದುಬಂದ ಹಳೆಯ ಕ್ಯಾಥೊಲಿಕ್ ಸಮುದಾಯವೂ ಚರ್ಚೂ ಇವೆ. ಮೆಡೋಸ್ ಟೇಲರ್ 1878ರಲ್ಲಿ ಪ್ರಕಟವಾದ, ಚಾಂದಬೀಬಿಯನ್ನು ಕುರಿತ ತಮ್ಮ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರನ್ನು ಪಾತ್ರಗಳಾಗಿಸಿದ್ದಾರೆ. ಚರ್ಚಿನ ಇತಿಹಾಸ ಹುಡುಕುವವರಿಗೆ ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳು, ಗಂಟೆಯ ಮೇಲೆ ಎರಕ ಹೊಯ್ದ ವರ್ಷ, ಸಮಾಧಿ ಕಲ್ಲುಗಳ ಬರಹ ಮತ್ತು ಧರ್ಮಗುರುಗಳು ಮೇಲಧಿಕಾರಿಗಳಿಗೆ ಬರೆದ ಪತ್ರಗಳು ಆಧಾರವಾಗುತ್ತವೆ. ಹಳೆಯ ಮಸೀದಿಯಲ್ಲಿ ಫಾರಸಿ ಶಿಲಾಫಲಕ ಮತ್ತು ಇನಾಮು ಪತ್ರಗಳು, ಮಠದಲ್ಲಿ ಕಡತ ಮತ್ತು ತಾಮ್ರಪಟಗಳು ಇದೇ ಕೆಲಸ ಮಾಡುತ್ತವೆ. ಎಲ್ಲ ಕಡೆಯೂ ಊರ ಹಿರಿಯರ ನೆನಪನ್ನು ಕೇಳಿ ಬರೆದುಕೊಳ್ಳಬೇಕು. ಆದರೆ ಕೇಳಿದ್ದನ್ನು ಕೇಳಿದ್ದೆಂದೇ, ಓದಿದ್ದನ್ನು ಓದಿದ್ದೆಂದೇ ಬೇರೆ ಬೇರೆಯಾಗಿ ಗುರುತಿಸಿಡುವುದು ಅಗತ್ಯ.

ನಿಯಮ ಮತ್ತು ನಡವಳಿಕೆ

ಇಟಗಿಯ ಮಹಾದೇವ ದೇವಾಲಯ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಇದಕ್ಕೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ರಕ್ಷಿತ ಪ್ರದೇಶದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರಿನಲ್ಲಿ ಕಟ್ಟಡ ಕಟ್ಟಲು ಪೂರ್ವಾನುಮತಿ ಬೇಕು. ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಹವ್ಯಾಸಕ್ಕಾಗಿ ಚಿತ್ರ ತೆಗೆಯುವುದಕ್ಕೂ ಮುಕ್ಕಾಲಿ ಸ್ಟ್ಯಾಂಡ್, ಕೃತಕ ದೀಪಗಳನ್ನು ಬಳಸಿ ವೃತ್ತಿಪರವಾಗಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನೂ ಗಮನಿಸಬೇಕು.

ಕಾನೂನಿನಷ್ಟೇ ಮುಖ್ಯವಾದದ್ದು ಊರಿನವರೊಂದಿಗಿನ ನಡವಳಿಕೆ. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸುವ ಮುನ್ನ ಅಲ್ಲಿದ್ದ ಹಿರಿಯರನ್ನು ಕೇಳುವುದು, ಪಾದರಕ್ಷೆಗಳನ್ನು ಹೊರಗಿಡುವುದು, ಮೂರ್ತಿಗಳ ಮೇಲೆ ಕೈಯಿಡದಿರುವುದು, ಕಕ್ಷಾಸನದ ಸಣ್ಣ ಕಂಬಗಳಿಗೆ ಒರಗದಿರುವುದು ಕನಿಷ್ಠ ಮರ್ಯಾದೆ. ತೆಗೆದ ಚಿತ್ರಗಳ ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಟ್ಟು ಹೋದರೆ ಅದಕ್ಕಿಂತ ಒಳ್ಳೆಯ ಸಂಗ್ರಹಾಲಯ ಬೇರಿಲ್ಲ.

ತಲುಪುವ ಬಗೆ

ಗದಗ–ಕೊಪ್ಪಳ ಮಾರ್ಗದ ಬನ್ನಿಕೊಪ್ಪ ಇಟಗಿಗೆ ಸಮೀಪದ ಊರು. ಅಲ್ಲಿ ಸಣ್ಣ ರೈಲು ನಿಲ್ದಾಣವಿದೆ. ಕುಕನೂರಿನ ಕಡೆಯಿಂದಲೂ ರಸ್ತೆ ಇದೆ. ವಸತಿಗೆ ಕೊಪ್ಪಳ ಅಥವಾ ಗದಗ ಅನುಕೂಲ. ಬೆಳಗಿನ ಬೆಳಕಿನಲ್ಲಿ ಇಟಗಿ, ಮಧ್ಯಾಹ್ನದ ನಂತರ ಕುಕನೂರಿನ ನವಲಿಂಗ ಗುಡಿಗಳು, ಇನ್ನೊಂದು ದಿನ ಗದಗ ಸೀಮೆಯ ಲಕ್ಕುಂಡಿ ಮತ್ತು ಡಂಬಳ ಎಂದು ಯೋಜಿಸಿಕೊಂಡರೆ ಬಳಪದ ಕಲ್ಲಿನ ಈ ಪರಂಪರೆ ಬೆಳೆದ ಬಗೆಯನ್ನು ಕ್ರಮವಾಗಿ ನೋಡಬಹುದು.

ಒಂಬೈನೂರು ವರ್ಷಗಳ ಹಿಂದೆ ಮಹಾದೇವ ದಂಡನಾಯಕನು ಗುಡಿ ಕಟ್ಟಿಸಿ ಸುಮ್ಮನಾಗಲಿಲ್ಲ. ಯಾರು, ಯಾವಾಗ, ಯಾರ ಆಳ್ವಿಕೆಯಲ್ಲಿ ಕಟ್ಟಿದರು ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿದನು. ಆ ಒಂದು ಎಚ್ಚರಿಕೆಯಿಂದ ಅವನ ಹೆತ್ತವರ ಹೆಸರುಗಳೂ ಇಂದಿಗೆ ಉಳಿದಿವೆ. ಇಟಗಿಯಲ್ಲಿ ಕ್ಯಾಮೆರಾ ಹಿಡಿಯುವವರು ಚಿತ್ರದ ಹಿಂದೆ ದಿನಾಂಕ, ಸ್ಥಳ ಮತ್ತು ಗುಡಿಯ ಹೆಸರನ್ನು ಬರೆದಿಡಬೇಕೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.